ಮಗು ಸರಿಯಾಗೇ ಹೇಳಿತ್ತು!

ತಾತನ ತಿಥಿಯ ದಿನ. ಹಿತ್ತಿಲ ಕಾಂಪೌಂಡ್ ಗೋಡೆಯ ಮೇಲೆ ಬಾಳೆಲೆಯ ಚೂರು, ಅದರಲ್ಲಿ ಅನ್ನ, ಒಂದು ವಡೆ. ನಮ್ಮ ಬಂಧುಗಳ ಮನೆಯಲ್ಲಿ ನಾವೆಲ್ಲ ಹಿಂಬಾಗಿಲಲ್ಲಿ ನಿಂತು ಕಾಗೆಗೆ ಕಾಯುತ್ತಿದ್ದೆವು. ಹೊಟ್ಟೆ ಚುರುಗುಟ್ಟುತ್ತಿದೆ, ಕಾಗೆಯ ಸುಳಿವಿಲ್ಲ. ಅಷ್ಟರಲ್ಲಿ ತಾಯಿಯ ಸೊಂಟದ ಮೇಲಿದ್ದ, ಆಗಷ್ಟೇ ಎರಡು ವರ್ಷ ತುಂಬಿದ ಪುಟ್ಟ, ತೆಂಗಿನ ಮರದ ಕಡೆ ಕೈ ಚಾಚಿ ಕೂಗಿದ: “ತಾತಾ ಬಂತು! ತಾತಾ ಬಂತು!”

ಎಲ್ಲರಿಗೂ ಮೈ ಜುಂ ಅಂದಿತು. ಗರಿಯಿಂದ ಕಾಗೆ ಹಾರಿ ಬಂದು ಅನ್ನಕ್ಕೆ ಕೊಕ್ಕು ಹಾಕಿತು. ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡು ಕೈ ಮುಗಿದರು. ಊಟಕ್ಕೆ ಕೂತ ಮೇಲೆ ಸೊಸೆ ಮೆಲ್ಲಗೆ ಬಾಯಿಬಿಟ್ಟಳು: “ಅತ್ತೆ, ಇವನು ‘ಕಾಕಾ’ ಅನ್ನೋದೇ ಹಾಗೆ. ಕಾಲಿಗೂ ‘ತಾಲು’ ಅಂತಾನೆ.” ಅಜ್ಜಿ ಕದಲಲಿಲ್ಲ. “ಇರಲಿ ಬಿಡಮ್ಮ, ಮಗು ಸರಿಯಾಗೇ ಹೇಳಿದೆ.”

ಆ ಮಾತು ಎಷ್ಟು ನಿಜ ಅನ್ನುವುದು ಗೊತ್ತಾಗಿದ್ದು ಮಕ್ಕಳ ನುಡಿಯ ಬಗ್ಗೆ ನಡೆದಿರುವ ಸಂಶೋಧನೆಗಳನ್ನು ಓದಲು ಶುರು ಮಾಡಿದ ಮೇಲೆ. ಅಬ್ಬಾ, ಎಂಥ ಲೋಕ ಅದು! ನಾವು ತೊದಲು ಅಂದುಕೊಂಡು ನಕ್ಕು ಬಿಡುವುದರಲ್ಲಿ ಕರಾರುವಾಕ್ಕಾದ ಕಾನೂನೇ ಇದೆ. ನಾಲಗೆಯ ಹಿಂಭಾಗ ಎತ್ತಿ ಹೇಳಬೇಕಾದ ಕ, ಗ ಕೆಲವು ಮಕ್ಕಳಿಗೆ ಬೇಗ ಒಲಿಯುವುದಿಲ್ಲ. ಆಗ ಅವು ಹಲ್ಲಿನ ಹತ್ತಿರಕ್ಕೆ ಜಾರಿ ತ, ದ ಆಗುತ್ತವೆ. ಹಕ್ಕಿ ‘ಅತ್ತಿ’ ಆಗುತ್ತದೆ, ಅಕ್ಕಿಯೂ ‘ಅತ್ತಿ’ ಆಗುತ್ತದೆ. “ಅತ್ತಿ ಅತ್ತಿ ತಿಂತು” ಅಂತ ಮಗು ಓಡಿ ಬಂದರೆ ಮನೆಯವರು ಅತ್ತಿಹಣ್ಣು ಎಲ್ಲಿಂದ ಬಂತು ಅಂತ ಹುಡುಕುತ್ತಾರೆ. ಮಾಮನ ಸ್ಕೂಟರ್ ನೋಡಿ “ಮಾಮ, ನಿನ್ ದಾಡಿ ಮೇಲೆ ತೂತ್ತೋತೀನಿ” ಅಂದರೆ ಪಾಪ, ಮಾಮ ಗಲ್ಲ ಸವರಿಕೊಳ್ಳುತ್ತಾನೆ. ಆ ಮಗು ಕಾಲು, ಕಾಗೆ, ಗಾಡಿ, ಯಾವುದರಲ್ಲೂ ತನ್ನ ಕಾನೂನು ಮುರಿಯುವುದಿಲ್ಲ!

ಹಾಗಾದರೆ ಮಗುವಿನ ಕಿವಿಗೂ ಕಾಕ, ತಾತ ಒಂದೇ ಅನ್ನಿಸುತ್ತದೆಯೇ? 1960ರಲ್ಲಿ ಅಮೆರಿಕದ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಒಂದು ಪ್ರಸಂಗ ದಾಖಲಿಸಿದರು. ಗಾಳಿ ತುಂಬಿದ ಪ್ಲಾಸ್ಟಿಕ್ ಮೀನನ್ನು ಒಂದು ಮಗು ‘ಫಿಸ್’ ಅನ್ನುತ್ತಿತ್ತು. ಇದು ನಿನ್ನ ಫಿಸ್ ಏನು ಅಂತ ದೊಡ್ಡವರು ಕೇಳಿದರೆ ಒಪ್ಪಲೇ ಇಲ್ಲ, ಮತ್ತೆ ಕೇಳಿದರೂ ಇಲ್ಲ. ನಿನ್ನ ‘ಫಿಶ್’ ಅಂದಾಗ ಮಾತ್ರ ಹೌದು ಅಂದಿತು, ತನ್ನ ಬಾಯಲ್ಲಿ ಮತ್ತದೇ ‘ಫಿಸ್’ ಅನ್ನುತ್ತ! ನೀವೂ ಪ್ರಯತ್ನಿಸಿ ನೋಡಿ. ‘ತಾಲು’ ಅನ್ನುವ ಮಗುವಿಗೆ “ತಾಲು ಎಲ್ಲಿ ತೋರಿಸು” ಅಂದರೆ ಹುಬ್ಬು ಗಂಟಿಕ್ಕಿ ನಿಮ್ಮನ್ನೇ ತಿದ್ದಲು ಹೊರಡಬಹುದು.

ಇಂಗ್ಲೆಂಡಿನ ಭಾಷಾವಿಜ್ಞಾನಿ ನೀಲ್ ಸ್ಮಿತ್ ತಮ್ಮ ಮಗನ ಮಾತನ್ನೇ ವರ್ಷಗಟ್ಟಲೆ ಬರೆದಿಟ್ಟು 1973ರಲ್ಲಿ ಪುಸ್ತಕ ತಂದರು. ಆ ಹುಡುಗ ‘ಪಡಲ್’ಗೆ, ಅಂದರೆ ನೀರಿನ ಗುಂಡಿಗೆ, ‘ಪಗಲ್’ ಅನ್ನುತ್ತಿದ್ದ. ಸರಿ, ಪಡಲ್ ಹೇಳಲು ಬರುವುದಿಲ್ಲ ಅಂದುಕೊಳ್ಳೋಣ. ಆದರೆ ಅದೇ ಹುಡುಗ ‘ಪಝಲ್’ ಹೇಳಲು ಹೋದಾಗ ಬರುತ್ತಿದ್ದದ್ದು ಏನು ಗೊತ್ತೇ? ‘ಪಡಲ್’!

ಈಗ ನನ್ನನ್ನು ಒಂದು ರಾತ್ರಿ ನಿದ್ದೆಗೆಡಿಸಿದ ಸಂಗತಿಗೆ ಬರುತ್ತೇನೆ. 1980ರಲ್ಲಿ ಮಾರ್ಲಿಸ್ ಮ್ಯಾಕೆನ್, ಡೇವಿಡ್ ಬಾರ್ಟನ್ ಇಂಗ್ಲಿಷ್ ಕಲಿಯುವ ಪುಟ್ಟ ಮಕ್ಕಳ ಮಾತನ್ನು ಧ್ವನಿಮುದ್ರಿಸಿ ಯಂತ್ರದಲ್ಲಿ ಅಳೆದರು. ತುಟಿ ತೆರೆದ ಗಳಿಗೆಗೂ ಗಂಟಲ ನಾದ ಹೊರಡುವ ಗಳಿಗೆಗೂ ನಡುವೆ ಒಂದು ಸಣ್ಣ ಬಿಡುವು ಇರುತ್ತದೆ. ಇಂಗ್ಲಿಷಿನ ‘ಬ’ ಯಾವುದು, ‘ಪ’ ಯಾವುದು ಎಂದು ತೀರ್ಮಾನಿಸುವುದು ಆ ಬಿಡುವೇ. ಅದು ಸುಮಾರು 25 ಮಿಲಿಸೆಕೆಂಡಿಗಿಂತ ಚಿಕ್ಕದಾದರೆ ದೊಡ್ಡವರಿಗೆ ‘ಬ’ ಎಂದೇ ಕೇಳುತ್ತದೆ. ಮಕ್ಕಳ ಎರಡೂ ಧ್ವನಿಗಳು ಆ ಗೆರೆಯ ಈಚೆಗೇ ಬೀಳುತ್ತಿದ್ದವು, ಹಾಗಾಗಿ ಕೇಳಿದವರಿಗೆ ಎಲ್ಲವೂ ‘ಬ’. ಆದರೆ ಅಳತೆ ಬೇರೆಯೇ ಹೇಳಿತು. ‘ಪ’ ಬೇಕಾದ ಕಡೆ ಮಗು ಬಿಡುವನ್ನು ಕೂದಲೆಳೆಯಷ್ಟು ಉದ್ದ ಮಾಡುತ್ತಿತ್ತು, ಮತ್ತೆ ಮತ್ತೆ, ತಪ್ಪದೆ. ಮಗು ವ್ಯತ್ಯಾಸ ಮಾಡಿ ಹೇಳುತ್ತಿದೆ, ನಮಗೆ ಕೇಳುತ್ತಿಲ್ಲ! ಮುಂದೆ ಅಂಗುಳಕ್ಕೆ ತೆಳುವಾದ ವಿದ್ಯುತ್ ತಗಡು ಕೂರಿಸಿ ನಾಲಗೆ ಎಲ್ಲೆಲ್ಲಿ ತಾಗುತ್ತದೆ ಎಂದು ನೋಡಿದವರು ಇದೇ ಗುಟ್ಟನ್ನು ಕ–ತ, ಗ–ದ ಜೋಡಿಗಳಲ್ಲೂ ಕೆಲವು ಮಕ್ಕಳಲ್ಲಿ ಕಂಡರು. ಆ ತಿಥಿಯ ದಿನ ತೆಂಗಿನ ಮರದ ಕಡೆ ತೋರಿಸಿ ಹೇಳಿದ ‘ತಾತಾ’, ಗೋಡೆಯ ಫೋಟೊ ತೋರಿಸಿ ಹೇಳುವ ‘ತಾತಾ’, ಎರಡೂ ಆ ಬಾಯಲ್ಲಿ ಬೇರೆ ಬೇರೆಯೇ ಇದ್ದಿರಬಹುದು ಅನ್ನುವುದನ್ನು ನೆನೆದರೆ ನನಗೆ ಈಗಲೂ ರೋಮಾಂಚನ.

ನಮ್ಮ ಕಿವಿ ಯಾಕೆ ಇಷ್ಟು ಮಂದ? ಕೆನಡಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ 1984ರಲ್ಲಿ ತೋರಿಸಿಕೊಟ್ಟ ಹಾಗೆ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸು ಹಿಂದಿಯ ತ ಮತ್ತು ಟ ನಡುವಿನ ಭೇದವನ್ನು ಸಲೀಸಾಗಿ ಹಿಡಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಹೆಚ್ಚುಕಡಿಮೆ ಮಾಯ. ಮನೆಮಾತಿಗೆ ಬೇಡದ್ದನ್ನು ಕಿವಿ ಕೈಬಿಡುತ್ತದೆ. ನಮ್ಮ ಮನೆಗಳ ಕೂಸಿಗೆ ತಾತ, ಟಾಟಾ ಎರಡೂ ಬೇಕು, ಆದ್ದರಿಂದ ಅದು ಉಳಿಸಿಕೊಳ್ಳುತ್ತದೆ. ಉಳಿದ ಸೂಕ್ಷ್ಮಗಳು ನಮಗೂ ಎಂದೋ ಹೊರಟುಹೋಗಿವೆ.

ಕೇಳದ್ದನ್ನು ನಾವು ಊಹೆಯಿಂದ ತುಂಬಿಕೊಳ್ಳುತ್ತೇವೆ. ಸ್ಟೀಫನ್ ಮೇಲನ್, ರೋಜರ್ ಲೀವಿ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೊದಲು ಮಾತು ದೊಡ್ಡವರಿಗೆ ಅರ್ಥವಾಗುವುದರಲ್ಲಿ ಕಿವಿಗೆ ಬಿದ್ದದ್ದರ ಪಾಲಷ್ಟೇ ಅಲ್ಲ, ಮಗು ಈಗ ಏನು ಹೇಳಬಹುದು ಎಂಬ ನಿರೀಕ್ಷೆಯ ಪಾಲೂ ಬಹಳ ದೊಡ್ಡದು. ತಿಥಿಯ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದವರು ತಾತ. ಹಾಗಾಗಿ ಕೇಳಿದ್ದೂ ತಾತ. ‘ಬಂದ್ರು’ ಅನ್ನದೆ ‘ಬಂತು’ ಅಂದದ್ದು ಕೂಡ ಯಾರಿಗೂ ಸುಳಿವು ಕೊಡಲಿಲ್ಲ, ಯಾಕೆಂದರೆ ಆ ವಯಸ್ಸಿನಲ್ಲಿ ಅಪ್ಪನೂ ‘ಬಂತು’, ಬಸ್ಸೂ ‘ಬಂತು’.

ನಿಮ್ಮ ಮನೆಯಲ್ಲಿ ಈಗ ಈ ವಯಸ್ಸಿನ ಮಗು ಇದ್ದರೆ ದಯವಿಟ್ಟು ಇವತ್ತೇ ಮೊಬೈಲ್‌ನಲ್ಲಿ ಅದರ ಮಾತು ರೆಕಾರ್ಡ್ ಮಾಡಿಕೊಳ್ಳಿ. ತಾರೀಕು, ಅದು ಬೆರಳು ತೋರಿಸಿದ್ದು ಯಾವುದಕ್ಕೆ, ಎರಡನ್ನೂ ಬರೆದಿಡಿ. ಕೆಲವೇ ತಿಂಗಳಲ್ಲಿ ‘ತಾದೆ’ ಹೋಗಿ ಕಾಗೆ ಬಂದುಬಿಡುತ್ತದೆ. ನೆಂಟರ ಮುಂದೆ ಮತ್ತೆ ಮತ್ತೆ ಹೇಳಿಸಿ ನಗಬೇಡಿ. “ಹೌದು, ಕಾಗೆ ಬಂತು” ಅಂತ ನೀವು ಸರಿಯಾದ ಪದದಲ್ಲಿ ಉತ್ತರ ಕೊಡಿ, ಸಾಕು. ಮೂರು ದಾಟಿದರೂ ಹೊರಗಿನವರಿಗೆ ಮಗುವಿನ ಮಾತು ಬಹುಪಾಲು ತಿಳಿಯುತ್ತಿಲ್ಲವಾದರೆ ತಡ ಮಾಡದೆ ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ.