ಅಗ್ನಿಶಿಲೆಗಳೂ ನಮ್ಮ ಜಮೀನುಗಳೂ

ಮಣ್ಣಿನ ಗುಣವನ್ನು ವಿಚಾರಮಾಡುವವರು ಅದರ ಕೆಳಗಿನ ಕಲ್ಲನ್ನು ಸಾಮಾನ್ಯವಾಗಿ ಲಕ್ಷಿಸುವುದಿಲ್ಲ. ಆದರೆ ಕಲ್ಲೇ ಬಹುಕಾಲ ಬಿಸಿಲು ಮಳೆಗಳಿಗೆ ಸಿಕ್ಕಿ, ಶಿಥಿಲವಾಗಿ ಮಣ್ಣಾಗುವುದು. ಗೊಬ್ಬರಕ್ಕೂ ಬಾವಿಗೂ ಹಣವನ್ನು ವ್ಯಯಮಾಡುವ ಭೂಮಾಲೀಕರು ತಮ್ಮ ನೆಲದ ಕಲ್ಲು ಯಾವ ಜಾತಿಯದೆಂದು ತಿಳಿದಿರುವುದು ಅವಶ್ಯಕವು.

ಭೂಮಿಯ ಒಳಭಾಗದಲ್ಲಿ ಕೆಲವೆಡೆ ಕಲ್ಲು ಅತ್ಯುಷ್ಣದಿಂದ ಕರಗಿ ದ್ರವವಾಗುವುದು. ಈ ಶಿಲಾರಸವು ತಣಿದು ಗಟ್ಟಿಯಾದರೆ ಅಗ್ನಿಶಿಲೆಯೆನಿಸುವುದು. ಸಕ್ಕರೆಯ ಪಾಕವು ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ದೊಡ್ಡ ಹರಳುಗಳೂ, ಬೇಗನೆ ಆರಿದರೆ ಸಣ್ಣ ಹರಳುಗಳೂ ಉಂಟಾಗುವಂತೆ ಕಲ್ಲಿನಲ್ಲಿಯೂ ಆಗುವುದು. ತಣಿದ ಸ್ಥಳವನ್ನನುಸರಿಸಿ ಇವು ಮೂರು ವಿಧವಾಗಿವೆ.

1. ಬಹು ಆಳದಲ್ಲಿ ಮೆಲ್ಲನೆ ತಣಿದವು. ಇವುಗಳ ಹರಳುಗಳು ಬರಿಗಣ್ಣಿಗೆ ಕಾಣುವುವು. ಗ್ರಾನೈಟ್ ಇದಕ್ಕೆ ಉದಾಹರಣೆ. ರಾಮನಗರದ ಬೆಟ್ಟಗಳ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳ ಹಿಂದಿನದು. ಮೇಲಿನ ಪದರಗಳು ಸವೆದುಹೋದ ಬಳಿಕ ಹೊರಗೆ ಕಾಣಿಸಿಕೊಂಡಿತು.

2. ಬಿರುಕುಗಳಲ್ಲಿ ನುಗ್ಗಿ ತಣಿದವು. ಇವುಗಳ ಹರಳು ಮಧ್ಯಮ ಗಾತ್ರದ್ದು. ಗ್ರಾನೈಟ್ ಸೀಮೆಯಲ್ಲಿ ಗೋಡೆಯಂತೆ ಉದ್ದಕ್ಕೆ ಹಾದುಹೋಗುವ ಡೋಲರೈಟ್ ಎಂಬ ಕರಿಕಲ್ಲು ಈ ಜಾತಿಯದು.

3. ನೆಲದ ಮೇಲೆ ಹರಿದು ಬೇಗನೆ ತಣಿದವು. ಇವು ಬಹು ನುಣ್ಣನೆಯ ಹರಳಿನವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಪದರದ ಮೇಲೆ ಪದರವಾಗಿ ಹರಿದ ಶಿಲಾರಸವು ಬಸಾಲ್ಟ್ ಆಯಿತು. ಮಹಾರಾಷ್ಟ್ರದ ಬಹುಭಾಗವನ್ನೂ, ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಭಾಗಗಳನ್ನೂ ಅದು ಆವರಿಸಿದೆ.

ಸಿಲಿಕಾಂಶವನ್ನನುಸರಿಸಿಯೂ ವಿಂಗಡಿಸುವುದುಂಟು. ನೂರಕ್ಕೆ ಸುಮಾರು 65ಕ್ಕೆ ಮಿಗಿಲಾದರೆ ಆಮ್ಲಶಿಲೆ. 52ರಿಂದ 65ರವರೆಗೆ ಮಧ್ಯಮಶಿಲೆ. 45ರಿಂದ 52ರವರೆಗೆ ಪ್ರತ್ಯಾಮ್ಲಶಿಲೆ. ಅದಕ್ಕೂ ಕಡಮೆಯಾದರೆ ಅತಿಪ್ರತ್ಯಾಮ್ಲಶಿಲೆ. ಗ್ರಾನೈಟ್ ಮೊದಲನೆಯ ವರ್ಗಕ್ಕೂ ಬಸಾಲ್ಟ್ ಮೂರನೆಯದಕ್ಕೂ ಸೇರಿವೆ. ಇವು ಕಲ್ಲಿನ ಹೆಸರುಗಳೇ ಹೊರತು ಮಣ್ಣಿನ ಹುಳಿಯನ್ನು ಸೂಚಿಸತಕ್ಕವುಗಳಲ್ಲ.

ಗ್ರಾನೈಟಿನ ಬೆಣಚು ಕರಗದೆ ಮರಳಾಗಿ ಉಳಿಯುವುದು, ಫೆಲ್‌ಸ್ಪಾರ್ ಜೇಡಿಯಾಗುವುದು. ಆದುದರಿಂದ ಅದರ ಮಣ್ಣು ಸಾಮಾನ್ಯವಾಗಿ ಕೆಂಪಗೆ, ಹಗುರವಾಗಿ, ಸುಣ್ಣದ ಅಂಶ ಕಡಮೆಯಾಗಿ ಇರುವುದಲ್ಲದೆ ತೇವವನ್ನು ಬೇಗ ಬಿಟ್ಟುಕೊಡುವುದು. ಇದಕ್ಕೆ ಕೊಟ್ಟಿಗೆಗೊಬ್ಬರವೂ ಕೆರೆಗೋಡೂ ಹಿತಕರವು. ಬಸಾಲ್ಟಿನಲ್ಲಿ ಸುಣ್ಣ, ಮೆಗ್ನೀಷಿಯ, ಕಬ್ಬಿಣಗಳು ಹೆಚ್ಚು. ಅದರ ಎರೆಮಣ್ಣು ತೇವವನ್ನು ಹಿಡಿದು ಉಬ್ಬುವುದು, ಬೇಸಗೆಯಲ್ಲಿ ಬಿರಿಯುವುದು. ಆದರೆ ಬಣ್ಣವೊಂದನ್ನೇ ನಂಬಲಾಗದು. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಗ್ರಾನೈಟನ್ನು ಹೋಲುವ ನೈಸ್ ಶಿಲೆಯ ಮೇಲೆಯೂ ಎರೆಭೂಮಿಯುಂಟು.

ಬಾವಿಯ ವಿಷಯದಲ್ಲಿ ಈ ತಿಳಿವಳಿಕೆಯು ಇನ್ನೂ ಮುಖ್ಯವಾದುದು. ಗಟ್ಟಿ ಗ್ರಾನೈಟಿನೊಳಗೆ ನೀರಿಲ್ಲ. ಮೇಲಿನ ಶಿಥಿಲ ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುವುದು. ಬಿರುಕಿಲ್ಲದೆಡೆ ಎಷ್ಟು ಆಳಕ್ಕೆ ಕೊರೆದರೂ ಹಣ ವ್ಯರ್ಥವು. ಕರಿಕಲ್ಲಿನ ಗೋಡೆಯು ಕೆಲವೆಡೆ ಅಂತರ್ಜಲವನ್ನು ಕಟ್ಟೆಯಂತೆ ತಡೆಯುವುದರಿಂದ, ಅದರ ಮೇಲ್ಗಡೆಯ ಬಾವಿಯಲ್ಲಿ ನೀರು ದೊರೆತು ಕೆಳಗಡೆಯದು ಬತ್ತಿರಬಹುದು. ಬಸಾಲ್ಟಿನಲ್ಲಾದರೋ ರಂಧ್ರಗಳುಳ್ಳ ಪದರಗಳನ್ನೂ, ಪದರಗಳ ನಡುವಣ ಸಂದುಗಳನ್ನೂ ಗಮನಿಸತಕ್ಕದ್ದು.

ಆದಕಾರಣ ಗ್ರಾಮದ ಮುಖಂಡರು ಊರಿನ ಹಳೆಯ ಬಾವಿಗಳಲ್ಲಿ ಎಷ್ಟು ಆಳಕ್ಕೆ ಯಾವ ಕಲ್ಲು ಬಂದಿತು, ನೀರು ಎಲ್ಲಿ ದೊರೆಯಿತು ಎಂಬುದನ್ನು ಬರೆದಿಡಿಸಬೇಕು. ಕಲ್ಲನ್ನು ಪರೀಕ್ಷಿಸುವಾಗ ಹೊಸದಾಗಿ ಒಡೆದ ಮುಖವನ್ನೇ ನೋಡಬೇಕು. ಗೊಬ್ಬರದ ಪ್ರಮಾಣವನ್ನು ಮಣ್ಣಿನ ಪರೀಕ್ಷೆಯಿಂದಲೂ, ಬಾವಿಯ ಸ್ಥಳವನ್ನು ಭೂವಿಜ್ಞಾನಿಗಳ ಸಲಹೆಯಿಂದಲೂ ನಿಶ್ಚಯಿಸಿಕೊಂಡ ಬಳಿಕವೇ ಹಣವನ್ನು ತೊಡಗಿಸುವುದು ಶ್ರೇಯಸ್ಕರವು.