ಓಟಗಾರ್ತಿಯ ಹೊಣೆ, ನಮ್ಮ ಹೊಣೆ

ಹಾವೇರಿ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ರಾಣೆಬೆನ್ನೂರು, ಬ್ಯಾಡಗಿಗಳ ತಾಲ್ಲೂಕು ಕ್ರೀಡಾಕೂಟಗಳಿಗೆ ಹೋಗುತ್ತಿದ್ದೆ. ಸುಣ್ಣದ ಗೆರೆ ಎಳೆದ ಮಣ್ಣಿನ ಮೈದಾನದಲ್ಲಿ ಬರಿಗಾಲಲ್ಲಿ ಓಡಿ ಗೆದ್ದ ಹುಡುಗಿಯರಿಗೆ ಸ್ಟೀಲ್ ಲೋಟ ಕೊಟ್ಟು, ಭಾಷಣ ಮಾಡಿ ಬಂದಿದ್ದೇನೆ. ಅವರನ್ನು ನೆನೆದಾಗಲೆಲ್ಲ ಅಶ್ವಿನಿ ಅಕ್ಕುಂಜಿ ನೆನಪಾಗುತ್ತಾರೆ.

ಕುಂದಾಪುರ ಸೀಮೆಯ ಅಶ್ವಿನಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಮರುತಿಂಗಳೇ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಓಟವನ್ನು 56.15 ಸೆಕೆಂಡುಗಳಲ್ಲಿ ಮುಗಿಸಿ ಚಿನ್ನ ಗೆದ್ದರು, ರಿಲೇಯಲ್ಲಿ ಮತ್ತೊಂದು. 2011ರಲ್ಲಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ವಿಫಲರಾದರು. ತರಬೇತುದಾರ ತಂದುಕೊಟ್ಟ ಜಿನ್ಸೆಂಗ್ ಕಾರಣವೆಂಬುದು ಓಟಗಾರ್ತಿಯರ ವಾದ. ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ದೇಹದೊಳಗೆ ಹೋದುದಕ್ಕೆಲ್ಲ ಕ್ರೀಡಾಪಟುವೇ ಹೊಣೆ ಎಂಬುದು ನಿಯಮ. ಅದು ಸರಿಯೇ, ಇಲ್ಲವಾದರೆ ಪ್ರತಿಯೊಬ್ಬರೂ ತರಬೇತುದಾರನತ್ತ ಬೆರಳು ತೋರಿಯಾರು. ಆದರೆ ಅರಿಯುವ ದಾರಿ ತೋರದೆ ಹೊಣೆಯನ್ನಷ್ಟೇ ಹೊರಿಸುವುದು ನ್ಯಾಯವೇ? ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿ ನೋಡದೆ ಯಾರೂ ಮೆಣಸಿನಕಾಯಿಗೆ ಬೆಲೆ ಕಟ್ಟುವುದಿಲ್ಲ. ನಮ್ಮ ಮಕ್ಕಳ ಕೈಸೇರುವ ಶಕ್ತಿವರ್ಧಕದ ಡಬ್ಬಿಗೆ ಅಷ್ಟು ತಪಾಸಣೆಯಾದರೂ ಬೇಡವೇ? ಈ ಎಚ್ಚರವನ್ನು ತಾಲ್ಲೂಕು ಮಟ್ಟದಲ್ಲೇ ಕಲಿಸಬೇಕು. ಲೋಟ ಹಂಚುವಾಗ ಈ ಒಂದು ಮಾತನ್ನು ನಾನೂ ಹೇಳಲಿಲ್ಲ.