ಲ್ಯಾಬ್‌ನಲ್ಲಿ ಬೆಳೆಸುವ ಪುಟ್ಟ ಶ್ವಾಸಕೋಶ: ಧೂಳಲ್ಲಿ ದುಡಿಯೋರಿಗೆ ಏನು ಪ್ರಯೋಜನ?

ಸಿಂಗಾಪುರ: ಗಲ್ಫ್‌ಗೆ ಕೆಲಸಕ್ಕೆ ಬಂದವರೆಲ್ಲ ಊರಲ್ಲೇ ಮೆಡಿಕಲ್ ಮುಗಿಸಿ, ಎದೆಯ ಎಕ್ಸ್‌ರೇ ತೆಗೆಸಿಕೊಂಡೇ ಬಂದಿರುತ್ತಾರೆ. ಹಳೆಯ ಟಿಬಿ ಕಲೆ ಕಂಡರೂ 'ಅನ್‌ಫಿಟ್' ಆಗಬಹುದು. ಬಂದ ಮೇಲೆ ಸೈಟ್‌ನಲ್ಲಿ ಕಲ್ಲು, ಕಾಂಕ್ರೀಟ್ ಕತ್ತರಿಸುವ ಧೂಳು. ಅದು ಎದೆಯೊಳಗೆ ಹೋಗಿ ಏನು ಮಾಡುತ್ತೆ ಅನ್ನೋದನ್ನು ಮನುಷ್ಯನ ಜೀವಕೋಶಗಳಲ್ಲೇ ನೋಡಲು ವಿಜ್ಞಾನಿಗಳಿಗೆ ಒಂದು ದಾರಿ ಸಿಕ್ಕಿದೆ. ಅದರ ಹೆಸರು ಆರ್ಗನಾಯ್ಡ್.

ಏನಿದು ಆರ್ಗನಾಯ್ಡ್?

ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಕಾಂಡಕೋಶದಂತೆ ಮಾಡಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಕೋಶಗಳಿಗೆ ಸರಿಯಾದ ರಾಸಾಯನಿಕಗಳನ್ನು ಒಂದಾದ ಮೇಲೊಂದು ಕೊಟ್ಟರೆ, ಕೆಲವು ವಾರಗಳಲ್ಲಿ ಶ್ವಾಸಕೋಶದ ಕೋಶಗಳಿರುವ ಪುಟ್ಟ ಉಂಡೆ ಬೆಳೆಯುತ್ತದೆ. ಅದು ಉಸಿರಾಡಲ್ಲ, ಅದರಲ್ಲಿ ರಕ್ತವೂ ಹರಿಯಲ್ಲ.

ಇನ್ನೊಂದು ಕೊರತೆಯೂ ಇದೆ: ಕಾವಲುಗಾರರಿಲ್ಲ. ನಮ್ಮ ಶ್ವಾಸಕೋಶದಲ್ಲಿ ಧೂಳು, ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳಿವೆ. ಭ್ರೂಣದಲ್ಲಿ ಇವು ಹುಟ್ಟುವುದು ಬೇರೆ ಕಡೆ, ಆಮೇಲೆ ಶ್ವಾಸಕೋಶಕ್ಕೆ ಬಂದು ಸೇರುತ್ತವೆ. ಹಾಗಾಗಿ ಲ್ಯಾಬ್‌ನಲ್ಲೂ ಬೇರೆಯಾಗಿ ಬೆಳೆಸಿ ಸೇರಿಸಬೇಕು.

ಸಿಂಗಾಪುರದ ಕೆಲಸ

ಸಿಂಗಾಪುರದ ಎ-ಸ್ಟಾರ್ ಸಂಸ್ಥೆಯ ಫ್ಲೋರೆಂಟ್ ಜಿನು ತಂಡ ಮೆದುಳಿನ ಆರ್ಗನಾಯ್ಡ್‌ನಲ್ಲಿ ಇದನ್ನು ಮಾಡಿ, 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಕಾಂಡಕೋಶದಿಂದಲೇ ಬೆಳೆಸಿದ ಕಾವಲು ಕೋಶಗಳನ್ನು ಸೇರಿಸಿದಾಗ, ಅವು ಎಳೆ ಕೋಶಗಳಿಗೆ ಕೊಲೆಸ್ಟರಾಲ್ ಒದಗಿಸಿ ಉಂಡೆ ಪಕ್ವವಾಗಲು ನೆರವಾದವು. ಅಂದ್ರೆ ಇವು ಬರೀ ಕಾವಲುಗಾರರಲ್ಲ, ಪೋಷಕರೂ ಹೌದು. ಶ್ವಾಸಕೋಶದ ಆರ್ಗನಾಯ್ಡ್‌ಗೂ ದಾರಿ ಇದೇ.

ನಮಗೇನು?

ಕಲ್ಲಿನ ಸಿಲಿಕಾ ಧೂಳನ್ನು ಮ್ಯಾಕ್ರೋಫೇಜ್ ನುಂಗುತ್ತದೆ, ಆದರೆ ಕರಗಿಸಲಾಗದೆ ಸಾಯುತ್ತದೆ. ಆಗ ಉರಿಯೂತ ಉಂಟಾಗಿ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಇದೇ ಸಿಲಿಕೋಸಿಸ್. ಟಿಬಿ ರೋಗಾಣುವಂತೂ ನುಂಗಿದ ಕೋಶದೊಳಗೇ ಅಡಗಿ ಕೂರುತ್ತದೆ. ಎರಡೂ ಕಾಯಿಲೆಯ ಕಥೆ ಶುರುವಾಗುವುದು ಮ್ಯಾಕ್ರೋಫೇಜ್‌ನಲ್ಲಿ. ಅದೇ ಇಲ್ಲದ ಆರ್ಗನಾಯ್ಡ್‌ನಲ್ಲಿ ಔಷಧ ಪರೀಕ್ಷಿಸಿದರೆ ಅರ್ಧ ಕಥೆಯಷ್ಟೇ ಸಿಗುತ್ತದೆ. ಇಲಿಯ ಮೇಲೆ ಗೆದ್ದ ಎಷ್ಟೋ ಔಷಧ ಮನುಷ್ಯರಲ್ಲಿ ಸೋತಿವೆ. ಅದಕ್ಕೇ ಮನುಷ್ಯನ ಕೋಶಗಳ ಈ ಮಾದರಿಗೆ ಬೆಲೆ.

ಆದರೆ ಇದು ಇನ್ನೂ ಲ್ಯಾಬ್‌ನ ಮಾತು. ಸಿಲಿಕೋಸಿಸ್ ವಾಸಿ ಮಾಡುವ ಔಷಧ ಇವತ್ತಿಗೂ ಇಲ್ಲ. ಅಲ್ಲಿವರೆಗೆ ಕಲ್ಲು ಕತ್ತರಿಸುವಾಗ ನೀರು ಬಿಡಿ, ಬಟ್ಟೆ ಕಟ್ಟಿಕೊಂಡರೆ ಸಾಲದು, ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಹಾಕಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ರಜೆಗೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.